‘ನೆಟ್ಟಗ ಬರೀರಲ್ಲ, ಅದಕ್ಕ ದೆವ್ವ ಯಾಕ, ರಾಕೆಟ್ ಯಾಕ?’

ಬಳ್ಳಾರಿಯ ಪುಸ್ತಕದ ಮಳಿಗೆ ಮುಂದೆ, ರಾಯಚೂರಿನ ಕಾಲೇಜುಗಳಲ್ಲಿ ಕಥಾವಾಚನ ಮುಗಿದ ಮೇಲೆ, ಕೊಪ್ಪಳದಲ್ಲಿ ಚಹಾ ಕುಡಿಯುತ್ತ ನಿಂತಾಗ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: “ಹುಡುಗ ಹುಡುಗನ್ನ ಪ್ರೀತಿ ಮಾಡಿದ ಕಥಿ ಬರೀತೀರಿ. ಬರೀರಿ, ಬ್ಯಾಡ ಅನ್ನಂಗಿಲ್ಲ. ನೆಟ್ಟಗ ಬರೀರಲ್ಲ ಮತ್ತ! ಅದಕ್ಕ ದೆವ್ವ ಯಾಕ, ರಾಕೆಟ್ ಯಾಕ, ಇಲ್ಲದ ಊರು ಯಾಕ?” ಅದರ ಬೆನ್ನಿಗೇ ಇನ್ನೊಂದು: “ಇದನ್ನ ನಮ್ಮ ಕಡೆ ಯಾರು ಓದ್ತಾರ?” ಎರಡಕ್ಕೂ ಸೇರಿಸಿ ಇಲ್ಲಿ ಬರೆದಿಟ್ಟಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುವುದು.

ನೆಟ್ಟಗೆ ಬರೆಯುವುದರಲ್ಲಿ ತಪ್ಪೇನಿಲ್ಲ. ನಮ್ಮ ಕಡೆಯವರೇ ಬರೆದು ತೋರಿಸಿದ್ದಾರೆ. ಗಂಡಸನ್ನು ಪ್ರೀತಿಸುವ ಗಂಡಸಿನ ಕಥೆಗಳ ಸಂಕಲನ, ಸಂಡೂರಿನ ವಸುಧೇಂದ್ರ ಅವರ ‘ಮೋಹನಸ್ವಾಮಿ’, 2013ರಲ್ಲೇ ಬಂತು. ಆದರೆ ವಾಸ್ತವದ ಕಥೆಗೆ ಒಂದು ಕಟ್ಟುಪಾಡಿದೆ. ಊರಿನಲ್ಲಿ ಏನು ಆಗಬಹುದೋ ಅಷ್ಟರೊಳಗೇ ಅದು ಮುಗಿಯಬೇಕು. ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಇಬ್ಬರು ಹುಡುಗಿಯರು ಒಬ್ಬರನ್ನೊಬ್ಬರು ಹಚ್ಚಿಕೊಂಡರು ಅನ್ನಿ. ಬರೆಯುವವರ ಮುಂದೆ ಮೂರೇ ಬಾಗಿಲು ಕಾಣುತ್ತವೆ: ಒಬ್ಬಳ ಮದುವೆ ಮಾಡಿ ಕಳಿಸುವುದು, ಇಬ್ಬರನ್ನೂ ಬೆಂಗಳೂರಿನ ಬಸ್ಸು ಹತ್ತಿಸುವುದು, ಇಲ್ಲವೇ ಬಾವಿಗೆ ಬೀಳಿಸುವುದು. ಕನ್ನಡದಲ್ಲಿ ಹೊಸಬರು ಬರೆಯುವ ಇಂಥ ಕಥೆಗಳಲ್ಲಿ ಮೂರನೆಯ ಬಾಗಿಲು ತೀರಾ ಸವೆದುಹೋಗಿದೆ. ಕಾನೂನೂ ನಡುದಾರಿಯಲ್ಲಿ ನಿಂತಿದೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರ ಒಪ್ಪಿತ ಸಲಿಂಗ ಸಂಬಂಧವನ್ನು, ಅದನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನ ಹಿಡಿತದಿಂದ ಬಿಡಿಸಿತು. 2023ರ ಅಕ್ಟೋಬರ್ 17ರಂದು ಸಲಿಂಗ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಜೈಲಿನ ಹೆದರಿಕೆ ಹೋಯಿತು, ಹೊಲದ ಪಹಣಿಗೆ ಹೆಂಡತಿಯೆಂದು ಹೆಸರು ಸೇರುವ ದಾರಿ ತೆರೆಯಲಿಲ್ಲ. ಇಂಥ ಊರಿನಲ್ಲಿ ನಾಲ್ಕನೆಯ ಬಾಗಿಲು ಬೇಕೆಂದರೆ ಗೋಡೆಯನ್ನೇ ಒಡೆಯಬೇಕು. ಊರಿನ ಒಂದು ನಿಯಮ ಬದಲಾಯಿಸಿ, ಉಳಿದದ್ದೆಲ್ಲ ಇದ್ದಂತೆಯೇ ಇಟ್ಟು, ಏನಾಗುತ್ತದೆ ಎಂದು ಕೊನೆತನಕ ನೋಡಬೇಕು. ದೆವ್ವ, ರಾಕೆಟ್ಟು ಬರುವುದು ಆ ಕೆಲಸಕ್ಕೆ. ಆ ಕೆಲಸ ಮಾಡದ ದೆವ್ವವನ್ನು ಕಥೆಯಿಂದ ಓಡಿಸುವುದೇ ಒಳ್ಳೆಯದು.

ಹೆಸರಿನ ತಕರಾರನ್ನೂ ಇಲ್ಲೇ ಮುಗಿಸಿಬಿಡೋಣ. ಸ್ಪೆಕ್ಯುಲೇಟಿವ್ ಫಿಕ್ಷನ್ ಅನ್ನುವ ಮಾತಿನೊಳಗೆ ವಿಜ್ಞಾನ ಕಥೆ, ಮಾಯಾಲೋಕದ ಕಥೆ, ದೆವ್ವದ ಕಥೆ, ಚರಿತ್ರೆ ಬೇರೆ ದಾರಿ ಹಿಡಿದಿದ್ದರೆ ಏನಾಗುತ್ತಿತ್ತು ಅನ್ನುವ ಕಥೆ ಎಲ್ಲವೂ ಬರುತ್ತವೆ. ಇವಿಷ್ಟಕ್ಕೂ ಸೇರಿ ಕನ್ನಡದಲ್ಲಿ ಎಲ್ಲರ ಬಾಯಲ್ಲಿ ನಿಂತ ಪದವಿಲ್ಲ. ‘ಹಿಂಗಾದ್ರ ಹೆಂಗ?’ ಅಂತ ಶುರುವಾಗುವ ಕಥೆ ಅಂದರೆ ಅಜ್ಜಿಗೂ ಗೊತ್ತಾಗುತ್ತದೆ. ಇಲ್ಲಿ ಊಹಾಕಥೆ ಅಂದುಕೊಳ್ಳೋಣ.

ಹೊರದೇಶಗಳಲ್ಲಿ ಇದರ ಜಾಡು ಹಳೆಯದು. ಐರ್ಲೆಂಡಿನ ಶೆರಿಡನ್ ಲೆ ಫಾನು 1872ರಲ್ಲೇ ಹುಡುಗಿಯೊಬ್ಬಳನ್ನು ಮೋಹಿಸುವ ಹೆಣ್ಣು ರಕ್ತಪಿಶಾಚಿಯ ಕಥೆ ಬರೆದ. ಕೊನೆಗೆ ಅವಳ ಎದೆಗೆ ಗೂಟ ಹೊಡೆಸಿದ. 1905ರಲ್ಲಿ ಬಂಗಾಳದ ರೊಕೆಯಾ ಹೆಂಗಸರು ಆಳುವ, ಗಂಡಸರೆಲ್ಲ ಪರದೆಯೊಳಗೆ ಕೂತ ನಾಡನ್ನು ಕಲ್ಪಿಸಿದರು. ಅದು ಮೊದಲು ಅಚ್ಚಾದದ್ದು ಮದ್ರಾಸಿನ ಪತ್ರಿಕೆಯಲ್ಲಿ. ಆಗ ಬಳ್ಳಾರಿ ಇದ್ದದ್ದೂ ಮದ್ರಾಸ್ ಪ್ರಾಂತ್ಯದಲ್ಲೇ. 1969ರಲ್ಲಿ ಅಮೆರಿಕದ ಉರ್ಸುಲಾ ಲೆ ಗ್ವಿನ್ ಒಂದು ಹಿಮದ ಗ್ರಹ ಕಟ್ಟಿದರು. ಅಲ್ಲಿನ ಜನ ತಿಂಗಳ ಹೆಚ್ಚು ದಿನ ಗಂಡೂ ಅಲ್ಲ ಹೆಣ್ಣೂ ಅಲ್ಲ, ಕೆಲವು ದಿನ ಮಾತ್ರ ಎರಡರಲ್ಲಿ ಒಂದಾಗುತ್ತಾರೆ. ಒಬ್ಬರೇ ಒಂದು ಕೂಸಿಗೆ ತಾಯಿ, ಇನ್ನೊಂದಕ್ಕೆ ತಂದೆ ಆಗಿರಬಹುದು. ಲೆ ಗ್ವಿನ್ ಬದಲಿಸಿದ್ದು ಆ ಒಂದೇ ನಿಯಮ. ಅದರಿಂದ ಆ ನಾಡಿನ ರಾಜಕೀಯ, ರಜೆ, ಮನೆ, ಮರ್ಯಾದೆ ಎಲ್ಲ ಬೇರೆಯಾಗುವುದನ್ನು ಒಂದೊಂದಾಗಿ ತೋರಿಸಿದರು.

ಓದುಗರ ಬಳಗದ ಚರಿತ್ರೆಯೂ ಅಷ್ಟೇ ಸ್ವಾರಸ್ಯದ್ದು. ‘ಸ್ಟಾರ್ ಟ್ರೆಕ್’ ಎಂಬ ಟೀವಿ ಧಾರಾವಾಹಿಯ ಇಬ್ಬರು ಗಂಡಸರನ್ನು ಪ್ರೇಮಿಗಳಾಗಿ ತೋರಿಸಿದ, ಅಚ್ಚಾದ ಮೊದಲ ಅಭಿಮಾನಿ ಕಥೆ (ಅದೇ ಪಾತ್ರಗಳನ್ನಿಟ್ಟು ಅಭಿಮಾನಿಗಳೇ ಬರೆಯುವ ಕಥೆ) 1974ರಲ್ಲಿ ಒಂದು ಸಣ್ಣ ಖಾಸಗಿ ಪತ್ರಿಕೆಯಲ್ಲಿ ಬಂತು. ಬರೆದವರು ಆಸ್ಟ್ರೇಲಿಯಾದ ಒಬ್ಬ ಹೆಂಗಸು. ಹೆದರಿಕೆಗೋ ಹುಷಾರಿಗೋ ಪಾತ್ರಗಳ ಹೆಸರನ್ನೇ ಹಾಕಿರಲಿಲ್ಲ. ಅಲ್ಲಿಂದ ಬೆಳೆದ ಅಭಿಮಾನಿ ಬರಹದ ದೊಡ್ಡ ಜಾಲತಾಣಕ್ಕೆ 2019ರಲ್ಲಿ ವಿಜ್ಞಾನ ಕಥೆಯ ಲೋಕದ ದೊಡ್ಡ ಪ್ರಶಸ್ತಿಯಾದ ಹ್ಯೂಗೋವೇ ಬಂತು. ಗಂಡು-ಹೆಣ್ಣಿನ ಕಟ್ಟುಪಾಡನ್ನು ಪ್ರಶ್ನಿಸುವ ಊಹಾಕಥೆಗೆಂದೇ ಅಮೆರಿಕದಲ್ಲಿ 1991ರಲ್ಲಿ ಒಂದು ಪ್ರಶಸ್ತಿ ಶುರುವಾಯಿತು, ಈಗ ಅದರ ಹೆಸರು ‘ಅದರ್‌ವೈಸ್’. ಅದರ ಹಣ ಕೂಡಿಸಿದ್ದು ದೊಡ್ಡ ಧಣಿಗಳಿಂದಲ್ಲ, ಸಮ್ಮೇಳನಗಳಲ್ಲಿ ಕೇಕು-ಬಿಸ್ಕತ್ತು ಮಾರಿ. ನಮ್ಮಲ್ಲಿ ಒಗ್ಗರಣಿ-ಮಿರ್ಚಿ ಮಾರಿದರೆ ಇನ್ನೂ ಬೇಗ ಆದೀತು.

“ಇದೆಲ್ಲ ನಮ್ಮ ಪುರಾಣದಾಗ ಆಗಲೇ ಐತಿ ಬಿಡ್ರಿ” ಅನ್ನುವವರೂ ಇದ್ದಾರೆ. ಇದೆ, ಹೌದು. ಆದರೆ ಅದು ಹೇಗಿದೆ ಎಂದು ಒಂದು ಗಳಿಗೆ ನಿಂತು ನೋಡಬೇಕು. ರಾಮಾಯಣದ ಉತ್ತರಕಾಂಡದ ಇಲ ರಾಜ ಒಂದು ತಿಂಗಳು ಗಂಡು, ಒಂದು ತಿಂಗಳು ಹೆಣ್ಣು. ಕೊನೆಗೆ ಅಶ್ವಮೇಧ ಮಾಡಿಸಿ ಪೂರ್ತಿ ಗಂಡಾಗುತ್ತಾನೆ. ಅರ್ಜುನನ ಬೃಹನ್ನಳೆ ವೇಷಕ್ಕೆ ಒಂದು ವರ್ಷದ ವಾಯಿದೆ. ಪುರಾಣದಲ್ಲಿ ಬದಲಾವಣೆ ಬಹಳ ಸಲ ಶಾಪ, ಇಲ್ಲವೇ ವೇಷ, ಇಲ್ಲವೇ ಉಪಾಯ. ಕಥೆ ಮುಗಿಯುವ ಹೊತ್ತಿಗೆ ಎಲ್ಲರೂ ತಂತಮ್ಮ ಜಾಗಕ್ಕೆ ವಾಪಸು. ಹಾಗಾಗಿ ಪುರಾಣವನ್ನು ಸಾಕ್ಷಿಯಾಗಿ ತರುವುದಕ್ಕಿಂತ ಸಾಮಾನಾಗಿ ತರುವುದು ಲೇಸು. ಅಜ್ಞಾತವಾಸ ಮುಗಿದು ಗಾಂಡೀವ ಕೈಗೆ ಬಂದ ಮೇಲೂ ಬೃಹನ್ನಳೆ ಗೆಜ್ಜೆ ಬಿಚ್ಚಲು ಒಪ್ಪದಿದ್ದರೆ ಹೆಂಗ? ಶಿಖಂಡಿಗೆ ತನ್ನ ಗಂಡುತನವನ್ನು ಕೈಗಡ ಕೊಟ್ಟ ಯಕ್ಷ ಸ್ಥೂಣ, ಕುಬೇರನ ಶಾಪದಿಂದ ಶಿಖಂಡಿ ಸಾಯುವ ತನಕ ಹೆಣ್ಣಾಗಿಯೇ ಕಾಯಬೇಕಾಯಿತು. ಆ ವರ್ಷಗಳಲ್ಲಿ ಯಕ್ಷನಿಗೆ ಹೆಣ್ತನವೇ ಒಗ್ಗಿಹೋಗಿ, ಸಾಲ ವಾಪಸು ಬಂದಾಗ ಬೇಡವೆನಿಸಿದರೆ? ಕುರುಕ್ಷೇತ್ರದ ಗದ್ದಲದಲ್ಲಿ ಯಾರೂ ಅವನ ಕಡೆ, ಅಥವಾ ಅವಳ ಕಡೆ, ತಿರುಗಿ ನೋಡಿಲ್ಲ. ಅಲ್ಲಿ ಒಂದು ಕಾದಂಬರಿಯೇ ಇದೆ.

ಇನ್ನು ಒಂದು ನಿಯಮ ಬದಲಿಸುವುದು ಅಂದರೆ ಏನು ಅನ್ನುವುದನ್ನು ನಮ್ಮ ನೆಲದಲ್ಲೇ ಇಟ್ಟು ನೋಡೋಣ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿಯಿತು, ನೀರು ನಿಂತಾಗ ಹಲವು ಊರು ಮುಳುಗಿದವು. ನಾವು ಬದಲಿಸುವ ನಿಯಮ ಇದು ಅನ್ನಿ: ಬೇಸಿಗೆಯಲ್ಲಿ ಹಿನ್ನೀರು ಇಳಿದು ಮುಳುಗಿದ ಊರು ಎದ್ದಾಗ, ಅದರ ಹಳೇ ಗುಡಿಯ ಮುಂದೆ ಯಾರು ಯಾರನ್ನು ಮದುವೆಯಾದರೂ ಸುತ್ತಲ ಎಲ್ಲ ಊರೂ ಒಪ್ಪುತ್ತವೆ, ನೀರು ಏರಿ ಹೊಸ್ತಿಲು ಮುಚ್ಚಿದೊಡನೆ ಆ ಮದುವೆಯನ್ನು ಎಲ್ಲರೂ ಮರೆಯುತ್ತಾರೆ, ಅಲ್ಲಿ ಮದುವೆಯಾದ ಗಂಗಮ್ಮ, ಹುಲಿಗೆಮ್ಮ ಎಂಬ ಇಬ್ಬರು ಹೆಂಗಸರನ್ನು ಬಿಟ್ಟು.

ಇಷ್ಟೇ. ಇನ್ನು ಕಥೆಗಾರರು ಹೊಸದೇನನ್ನೂ ಹುಟ್ಟಿಸಬೇಕಾಗಿಲ್ಲ, ಲೆಕ್ಕ ಹಾಕುತ್ತ ಹೋದರೆ ಸಾಕು. ಜಲಾಶಯದ ಪೂರ್ಣ ಮಟ್ಟ 1633 ಅಡಿ. ಹೊಸ್ತಿಲು ಯಾವ ಅಡಿಯಲ್ಲಿದೆಯೋ ಅದರ ಮೇಲೆ ಸಂಸಾರದ ಆಯುಸ್ಸು. ಒಳ್ಳೆ ಮಳೆಯ ವರ್ಷ ಎರಡು ತಿಂಗಳ ಸಂಸಾರ, ಬರಗಾಲದ ವರ್ಷ ಇಡೀ ವರ್ಷದ್ದು. ಅಂದರೆ ಈ ಇಬ್ಬರು ಬರಗಾಲಕ್ಕೆ ಹರಕೆ ಹೊರುತ್ತಾರೆ. ಅದೇ ನೀರನ್ನು ನಂಬಿ ಎಡದಂಡೆ ಕಾಲುವೆಯುದ್ದಕ್ಕೂ ಗಂಗಾವತಿ, ಸಿಂಧನೂರಿನಲ್ಲಿ ಭತ್ತದ ಸಸಿಮಡಿ ಹಾಕಿದವರಿದ್ದಾರೆ, ಕಾಲುವೆಯ ಕೊನೆಯಲ್ಲಿ ಮಾನ್ವಿ ಕಡೆಯವರು ಮೊದಲೇ ನೀರು ಕಾಣದೆ ಬಾಯಿ ಬಾಯಿ ಬಿಡುತ್ತಿದ್ದಾರೆ. ಹುಲಿಗೆಮ್ಮನ ಅಣ್ಣನದೇ ಅಲ್ಲಿ ಎರಡು ಎಕರೆ ಇದ್ದರೆ? ನೀರಾವರಿ ಸಲಹಾ ಸಮಿತಿಯ ಸಭೆಯ ದಿನ ಈ ಮನೆಯೊಳಗೆ ಮಾತು ಹೇಗಿರುತ್ತದೆ? ಹೂಳಿನ ಲೆಕ್ಕ ಇನ್ನೊಂದು. ಮೊದಲು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ 105 ಟಿಎಂಸಿ ಚಿಲ್ಲರೆ ಹಿಡಿಯುತ್ತದೆ. ಹೂಳು ಮದುವೆಮನೆಯ ಹೊಸ್ತಿಲ ಮೇಲೂ ಕೂರುತ್ತದೆ. ಪ್ರತಿ ಬೇಸಿಗೆ ಮೊದಲ ವಾರ ಸಲಿಕೆ ಹಿಡಿದು ಮನೆ ಅಗೆಯುವುದರಲ್ಲೇ ಹೋಗುತ್ತದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದರ ಚೈನು ಕಡಿದು ಗೇಟೇ ಕೊಚ್ಚಿಹೋಯಿತು. ತುಂಬಿದ ಅಣೆಕಟ್ಟಿನ ನೀರು ಹೊಳೆಗೆ ಹರಿದಾಗ ಜಿಲ್ಲೆಗಳೆಲ್ಲ ಎದೆ ಹಿಡಿದು ಕೂತಿದ್ದವು. ಆ ರಾತ್ರಿ ಗಂಗಮ್ಮನ ಮುಖದಲ್ಲಿ ಏನು ಕಂಡಿತು ಎಂದು ಬರೆಯಬಲ್ಲವರು ಈ ಕಥೆ ಬರೆಯಬಲ್ಲರು.

ಇಂಥ ಕಥೆ ಕೆಡುವುದೂ ಗೊತ್ತಾದ ಜಾಗಗಳಲ್ಲೇ. ಎರಡನೆಯ ಪವಾಡ ತಂದರೆ ಮೊದಲನೆಯದು ಅಗ್ಗವಾಗುತ್ತದೆ: ಮುಳುಗಿದ ಊರಿನಲ್ಲಿ ಮಾತಾಡುವ ಮೀನೂ ಬಂತು ಅಂದರೆ ಓದುಗರು ಲೆಕ್ಕ ಬಿಟ್ಟುಬಿಡುತ್ತಾರೆ, ಏನು ಬೇಕಾದರೂ ಆಗಬಹುದಾದ ಕಡೆ ಯಾವುದಕ್ಕೂ ಕುತೂಹಲ ಉಳಿಯುವುದಿಲ್ಲ. ಮೊದಲ ಪುಟದಲ್ಲೇ ಅಜ್ಜಿಯೊಬ್ಬಳನ್ನು ಕೂರಿಸಿ ನಿಯಮವನ್ನೆಲ್ಲ ಹೇಳಿಸುವುದು ಇನ್ನೊಂದು ಚಟ. ಅಜ್ಜಿ ಹೇಳುವುದಕ್ಕಿಂತ, ಹೂಳು ತೆಗೆಯುವ ಸಲಿಕೆ ಮದುವೆಯ ಸಾಮಾನಿನ ಜೊತೆ ಇರುವುದು ಕಂಡರೆ ಓದುಗರು ತಾವೇ ಹಿಡಿಯುತ್ತಾರೆ. ಎಲ್ಲಕ್ಕಿಂತ ಕೆಟ್ಟದ್ದು, ನೀರು ಅಂದರೆ ಸಮಾಜ, ಹೊಸ್ತಿಲು ಅಂದರೆ ಪ್ರೀತಿ ಎಂದು ಬಿಡಿಸಿ ಹೇಳುವುದು. ನೀರು ಮೊದಲು ನೀರಾಗಿರಲಿ, ಭತ್ತಕ್ಕೆ ಹರಿಯಲಿ. ಹಂಪಿಯ ಕಲ್ಲಿನ ರಥ ತರುವುದಕ್ಕೂ ನನ್ನ ತಕರಾರಿದೆ. ಫೋಟೋದಲ್ಲಿ ಸವೆದ ಜಾಗದಲ್ಲಿ ಊಹೆ ಬೇರು ಬಿಡುವುದು ಕಷ್ಟ. ಗಂಗಾವತಿ ಹತ್ತಿರ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ದುಂಡು ಕಿಂಡಿಯ ನೂರಾರು ಕಲ್ಲುಮನೆಗಳಿವೆ, ಗಿಡ್ಡ ಮನುಷ್ಯರು ಕಟ್ಟಿದ್ದು ಅಂತ ಜನ ನಂಬಿ ಮೋರ್ಯರ ಗುಡ್ಡ ಅನ್ನುತ್ತಾರೆ. ಬಳ್ಳಾರಿ ಹತ್ತಿರದ ಕುಡತಿನಿಯಲ್ಲಿ ಹೊಸ ಶಿಲಾಯುಗದವರು ಸೆಗಣಿ ಸುಟ್ಟ ಬೂದಿಯ ದಿಬ್ಬವಿದೆ. ಹಟ್ಟಿಯಲ್ಲಿ ಚಿನ್ನದ ಗಣಿ ಭೂಮಿಯ ಆಳಕ್ಕೆ ಇಳಿದಿದೆ. ಬಳಸದೆ ಬಿದ್ದ ಸಾಮಾನು ಎಷ್ಟು ಬೇಕು?

ಈಗ ಕನ್ನಡದ್ದೇ ಆದ ಕಷ್ಟಕ್ಕೆ ಬರೋಣ. ನನ್ನ ಮಟ್ಟಿಗೆ ಈ ಬರವಣಿಗೆಯಲ್ಲಿ ಅತಿ ರುಚಿಯಾದ ಭಾಗವೂ ಇದೇ. ಲೆ ಗ್ವಿನ್ ಹಿಮಗ್ರಹದ ಎಲ್ಲರಿಗೂ ಗಂಡು ಸರ್ವನಾಮ ಬಳಸಿದರು. ಓದಿದವರ ಕಣ್ಣಿಗೆ ಎಲ್ಲರೂ ಗಂಡಸರಾಗಿಯೇ ಕಂಡರೆಂದು ಟೀಕೆ ಬಂತು. ಅದೇ ಗ್ರಹದ ಒಂದು ಸಣ್ಣಕಥೆಯನ್ನು 1975ರಲ್ಲಿ ಸಂಕಲನಕ್ಕೆ ಸೇರಿಸುವಾಗ ಸರ್ವನಾಮಗಳನ್ನೆಲ್ಲ ಹೆಣ್ಣಿಗೆ ತಿರುಗಿಸಿ, ‘ರಾಜ’ ಅನ್ನುವ ಪಟ್ಟವನ್ನು ಮಾತ್ರ ಹಾಗೇ ಬಿಟ್ಟರು. 2013ರಲ್ಲಿ ಆನ್ ಲೆಕಿ ತಮ್ಮ ಕಾದಂಬರಿಯ ನಿರೂಪಣೆಯಲ್ಲಿ ಎಲ್ಲರಿಗೂ ‘ಅವಳು’ ಹಾಕಿ ಹ್ಯೂಗೋ, ನೆಬ್ಯುಲಾ ಎರಡೂ ಪ್ರಶಸ್ತಿ ಪಡೆದರು. ಇಂಗ್ಲಿಷಿನವರಿಗೆ ಸರ್ವನಾಮ ಸುಧಾರಿಸಿದರೆ ಮುಗಿಯಿತು. ಕನ್ನಡದಲ್ಲಿ ಸರ್ವನಾಮ ಕಿತ್ತುಹಾಕಿದರೂ ಕ್ರಿಯಾಪದದ ಬಾಲ ಚಾಡಿ ಹೇಳುತ್ತದೆ: ಬಂದನು, ಬಂದಳು, ಬಂತು, ಬಂದರು.

ಹಾಗಂತ ಕನ್ನಡ ಕೈಬಿಡುವುದಿಲ್ಲ. ‘ನಾನು ಬಂದೆ’, ‘ನೀನು ಬಂದಿ’ ಅನ್ನುವಲ್ಲಿ ಲಿಂಗವೇ ಇಲ್ಲ. ಹಿಂದಿಯಲ್ಲಿ ಬರೆಯುವವರು ಆ ಜಾಗದಲ್ಲೇ ಸಿಕ್ಕಿಬೀಳುತ್ತಾರೆ. ಹಾಗಾಗಿ ‘ನಾನು’ ಹೇಳುವ ಕಥೆ ಎಲ್ಲಕ್ಕಿಂತ ಸುಲಭದ ದಾರಿ. ಅಲ್ಲಿ ಕಾಯಬೇಕಾದದ್ದು ಬೇರೆಯವರ ಬಾಯನ್ನು: ನಮ್ಮ ಕಡೆ ಮಾತು ಮಾತಿಗೆ ‘ಬಾರಪಾ’, ‘ಬಾರವಾ’ ಬಂದುಬಿಡುತ್ತದೆ. ‘ಬರ್ರಿ’ ಅಂದರೆ ಪಾರು. ಮೂರನೆಯ ಪುರುಷದಲ್ಲಿ ಬರೆಯುವಾಗ ಕನ್ನಡದ ನಿಷೇಧರೂಪಗಳು ಬಲು ಉಪಕಾರಿ: ಬರಲಿಲ್ಲ, ಬಂದಿಲ್ಲ, ಹೋಗುವುದಿಲ್ಲ. ಬೇಕು, ಬೇಡ, ಗೊತ್ತು, ಬರಬಹುದು, ಹೋಗಬೇಕು, ಇವಕ್ಕೂ ಬಾಲವಿಲ್ಲ. ಹಸಿವಾಯಿತು, ನೆನಪಾಯಿತು, ನಿದ್ದೆ ಹತ್ತಿತು ಎನ್ನುವಾಗ ಕ್ರಿಯೆ ಹಸಿವಿನ ಜೊತೆ ಹೋಗುತ್ತದೆ, ಮನುಷ್ಯರ ಜೊತೆ ಹೋಗುವುದಿಲ್ಲ. ‘ತಾನು’ ಎಂಬ ಅಪರೂಪದ ಪದವಿದೆ, ಗಂಡಿಗೂ ಹೆಣ್ಣಿಗೂ ಒಂದೇ. ಹೆಸರು ನಮ್ಮ ಕಡೆ ಧಾರಾಳ: ಶರಣಪ್ಪನನ್ನೂ ಶರಣಮ್ಮನನ್ನೂ ಮನೆಯಲ್ಲಿ ‘ಶರಣು’ ಅಂತಲೇ ಕರೆಯಬಹುದು, ನಾಗು, ಮಂಜು, ಶಶಿ ಕೂಡ ಹಾಗೆಯೇ.

ಕೆಲಸ ಮಾಡಿ ನೋಡೋಣ. ಮೊದಲ ಕರಡು ಹೀಗಿದೆ ಅನ್ನಿ:

“ಶರಣು ಹೊಳೆ ದಂಡೆಗೆ ಬಂದಳು. ನೀರು ಮುಟ್ಟಿ ನೋಡಿದಳು. ಅವಳಿಗೆ ಹೆದರಿಕೆಯಾಗಲಿಲ್ಲ. ಸೀರೆ ಎತ್ತಿ ಕಟ್ಟಿ ಇಳಿದಳು.”

ತಿದ್ದಿದ ಮೇಲೆ:

“ಹೊಳೆ ದಂಡೆಗೆ ಬಂದಾಗ ಶರಣುಗೆ ಹೆದರಿಕೆಯಾಗಲಿಲ್ಲ. ಬೆರಳಿಗೆ ನೀರು ತಣ್ಣಗೆ ತಾಗಿತು. ಉಟ್ಟದ್ದನ್ನು ಮೊಣಕಾಲ ತನಕ ಎತ್ತಿ ಕಟ್ಟಿದ್ದಾಯಿತು. ಇನ್ನು ಇಳಿಯಬೇಕು.”

‘ಬಂದಳು’ ಹೋಗಿ ‘ಬಂದಾಗ’ ಆಯಿತು. ಮುಟ್ಟುವ ಕೆಲಸವನ್ನು ನೀರಿಗೇ ವಹಿಸಿದ್ದಾಯಿತು. ಸೀರೆ ‘ಉಟ್ಟದ್ದು’ ಆಯಿತು, ಪಂಚೆಯೋ ಸೀರೆಯೋ ಹೇಳಲಿಲ್ಲ. ಕೊನೆಯ ‘ಇಳಿಯಬೇಕು’ ಬರೇ ಲಿಂಗ ತಪ್ಪಿಸಲಿಲ್ಲ. ಇಳಿದು ಮುಗಿದ ಕೆಲಸವನ್ನು ಇನ್ನೂ ಇಳಿಯದ ಗಳಿಗೆಗೆ ತಂದು ನಿಲ್ಲಿಸಿತು, ಕಥೆಗೆ ಅದು ಲಾಭವೇ. ಆದರೆ ಇದನ್ನು ಹತ್ತು ಪುಟ ಎಳೆದರೆ ‘ಹೋದದ್ದಾಯಿತು, ಬಂದದ್ದಾಯಿತು’ ಎಂದು ಪಾತ್ರ ಸರ್ಕಾರಿ ವರದಿಯಂತೆ ಒಣಗುತ್ತದೆ, ತಾನಾಗಿ ಏನೂ ಮಾಡದ ಮನುಷ್ಯರಂತೆ ಕಾಣುತ್ತದೆ. ಒಂದೂವರೆ ಸಾವಿರ ಪದದ ಕಥೆಗೆ ಸರಿ. ಅದಕ್ಕಿಂತ ಉದ್ದವಾದರೆ ‘ನಾನು’ ಹಿಡಿಯಿರಿ, ಇಲ್ಲವೇ ‘ಅವರು’ ಹಿಡಿಯಿರಿ. ‘ಅವರು’ಗೂ ತನ್ನದೇ ತೊಡಕಿದೆ. ಹದಿನೇಳರ ಹುಡುಗ-ಹುಡುಗಿಗೆ ‘ಅವರು ಬಂದರು’ ಅಂದರೆ ಮಾಸ್ತರರೋ ಮಾವನವರೋ ಬಂದಂತೆ ಕೇಳುತ್ತದೆ. ‘ಅವರು ಅವರ ಕೈ ಹಿಡಿದರು’ ಅಂದರೆ ಯಾರು ಯಾರದು ಹಿಡಿದರೆಂದು ತಿಳಿಯುವುದಿಲ್ಲ. ಮೊದಲ ಪುಟದಲ್ಲೇ ಆ ಊರಲ್ಲಿ ಕುರಿ ಕಾಯುವವರಿಗೂ ‘ಅವರು’ ಎಂದೇ ಅನ್ನುವುದನ್ನು ತೋರಿಸಿಬಿಟ್ಟರೆ ಮರ್ಯಾದೆಯ ವಾಸನೆ ಕಳೆಯುತ್ತದೆ. ಎರಡು ಜನ ಇರುವಲ್ಲಿ ಹೆಸರು ಹಾಕಿ.

ಉಳಿದದ್ದು ‘ಅದು’. ದೊಡ್ಡವರಿಗೆ ‘ಅದು ಬಂತು’ ಅಂದರೆ ಬೈಗುಳ. ಟ್ರಾನ್ಸ್ ಜನ (ಹುಟ್ಟಿದಾಗ ಬರೆಸಿದ ಲಿಂಗ ತಮ್ಮದಲ್ಲ ಅನ್ನುವವರು) ಬೀದಿಯಲ್ಲಿ ಕೇಳಿಸಿಕೊಳ್ಳುವುದೂ ಇದನ್ನೇ, ಹಾಗಾಗಿ ನಿರೂಪಕರ ಬಾಯಲ್ಲಿ ಸಲ್ಲದು. ಆದರೆ ಕೂಸು ಮಾತ್ರ ‘ಅತ್ತಿತು’, ‘ನಕ್ಕಿತು’, ಅದರಲ್ಲಿ ಅವಮಾನ ಒಂದಿಷ್ಟೂ ಇಲ್ಲ. ಕೂಸು ಎಷ್ಟು ವರ್ಷಕ್ಕೆ ‘ಅದು’ ಬಿಟ್ಟು ‘ಅವನು’, ‘ಅವಳು’ ಆಗುತ್ತದೆ ಅನ್ನುವುದನ್ನು ನಾವು ಯಾರೂ ಗಮನಿಸುವುದಿಲ್ಲ. ಹನ್ನೆರಡು ತುಂಬಿದ ದಿನ ಮಕ್ಕಳು ತಮ್ಮ ಕ್ರಿಯಾಪದದ ಬಾಲವನ್ನು ತಾವೇ ಆರಿಸಿಕೊಳ್ಳುವ ಊರು ಇದ್ದರೆ, ಒಂದು ಮಗು ಆರಿಸಲು ಒಪ್ಪದಿದ್ದರೆ, ಹೆಂಗ? ಈ ಕಥೆ ಇಂಗ್ಲಿಷಿನಲ್ಲಿ ಬರೆಯಲು ಬರುವುದೇ ಇಲ್ಲ. ಯಾರಾದರೂ ಬರೆಯಲಿ ಎಂದು ಇಲ್ಲಿ ಬಿಟ್ಟಿದ್ದೇನೆ.

ಜನರನ್ನು ಕರೆಯುವ ಪದಗಳ ಬಗ್ಗೆ ಚುಟುಕಾಗಿ. ‘ಸಲಿಂಗಕಾಮಿ’ ಅನ್ನುವುದು ಬದುಕನ್ನೆಲ್ಲ ಕಾಮಕ್ಕೆ ಇಳಿಸುತ್ತದೆಂದು ಹಲವರಿಗೆ ಬೇಸರ. ಗೇ, ಲೆಸ್ಬಿಯನ್, ಟ್ರಾನ್ಸ್, ಇವರೆಲ್ಲರಿಗೂ ಸೇರಿ ಕ್ವಿಯರ್, ಈ ಪದಗಳು ಈಗ ಕನ್ನಡದ ಬಾಯಿಗೆ ಹತ್ತಿವೆ. ‘ಲಿಂಗತ್ವ ಅಲ್ಪಸಂಖ್ಯಾತರು’ ಸರ್ಕಾರಿ ಕಾಗದಕ್ಕೆ ಸರಿ, ಸಂಭಾಷಣೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ನಮ್ಮ ಕಡೆ ಬರೆಯುವವರು ಜಾರುವ ಜಾಗ ಅಂದರೆ ದೇವಿಗೆ ಮುಡಿಪಾದ ಜೋಗತಿಯರು, ಅವರಲ್ಲಿ ಗಂಡಾಗಿ ಹುಟ್ಟಿದವರೂ ಇದ್ದಾರೆ. ಹುಲಿಗಿಯ ಹುಣ್ಣಿಮೆ, ಭಂಡಾರ, ತಲೆಯ ಮೇಲಿನ ಕೊಡ, ಚೌಡಿಕೆಯ ಸದ್ದು ಇಷ್ಟನ್ನು ತಂದು, ಜೋಗತಿಯ ಕೈಯಲ್ಲಿ ನಾಯಕನಿಗೆ ಒಂದು ಭವಿಷ್ಯ ಹೇಳಿಸಿ ಕಳಿಸಿಬಿಡುತ್ತಾರೆ. ಮಂತ್ರವಾದಿಯ ಕೆಲಸ ಅದು. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಕೊಡ ಹೊತ್ತು ಕುಣಿಯುವುದು ಕಲಿತು ಮೈಗೂಡಿಸಿಕೊಂಡ ವಿದ್ಯೆ, ದೈವ ಮೈಮೇಲೆ ಬಂದದ್ದಷ್ಟೇ ಅಲ್ಲ. ಎಲ್ಲ ಟ್ರಾನ್ಸ್ ಹೆಂಗಸರೂ ಜೋಗತಿಯರಲ್ಲ, ಎಲ್ಲ ಜೋಗಪ್ಪಂದಿರೂ ತಮ್ಮನ್ನು ಟ್ರಾನ್ಸ್ ಅಂದುಕೊಳ್ಳುವುದಿಲ್ಲ. ಇನ್ನು ದೇವಿಗೆ ಬಿಡಲು ಹುಡುಗಿಯರಿಗೆ ಮುತ್ತು ಕಟ್ಟುವುದನ್ನು ಮಾಯಾಲೋಕದ ಸೊಗಸಾಗಿ ಬರೆಯುವವರು, 1982ರಲ್ಲಿ ರಾಜ್ಯ ದೇವದಾಸಿ ಪದ್ಧತಿಗೆ ವಿರುದ್ಧ ಕಾನೂನು ಮಾಡಬೇಕಾಗಿ ಬಂದದ್ದು ಯಾಕೆಂದು ಮೊದಲು ತಿಳಿದುಕೊಳ್ಳಲಿ.

“ಯಾರು ಓದ್ತಾರ?” ಅನ್ನುವುದಕ್ಕೆ ಉತ್ತರ: ಗಟ್ಟಿಯಾಗಿ ಓದಿದರೆ ಕೇಳುವವರು ಇದ್ದಾರೆ. ಕಿಳ್ಳೇಕ್ಯಾತರ ತೊಗಲುಗೊಂಬೆಯ ಪರದೆ ಹಿಂದೆ ಒಂದೇ ದನಿ ರಾವಣನೂ ಸೀತೆಯೂ ಆಗುವುದನ್ನು ಕೇಳಿ ಬೆಳೆದ ಸೀಮೆ ಇದು, ಬಯಲಾಟದ ಸ್ತ್ರೀವೇಷಕ್ಕೆ ಚಪ್ಪಾಳೆ ಹೊಡೆದ ಸೀಮೆ. ದನಿಗೂ ಮೈಗೂ ಹೊಂದಾಣಿಕೆ ಇರಲೇಬೇಕು ಅಂತ ನಮ್ಮ ಪ್ರೇಕ್ಷಕರು ಎಂದೂ ಹಟ ಹಿಡಿದಿಲ್ಲ.

ಹಾಗೆ ಗಟ್ಟಿಯಾಗಿ ಓದುವ ಬಳಗವನ್ನು ಊರಲ್ಲೇ ಕಟ್ಟಬಹುದು. ಅದರ ಬೈಠಕ್ಕಿಗೆ ಆರರಿಂದ ಎಂಟು ಜನ ಸಾಕು. ಹನ್ನೆರಡು ದಾಟಿದರೆ ಮೂರು ಜನ ಮಾತಾಡುತ್ತಾರೆ, ಉಳಿದವರು ಫೋನು ನೋಡುತ್ತಾರೆ. ಒಂದೂವರೆ ಸಾವಿರ ಪದದ ಕಥೆ ಗಟ್ಟಿಯಾಗಿ ಓದಲು ಹದಿನೈದು ನಿಮಿಷದ ಆಸುಪಾಸು. ಒಂದು ಕೂಟಕ್ಕೆ ಎರಡೇ ಕಥೆ. ಓದಿ ಮುಗಿದೊಡನೆ ಮಾತಿಗಿಳಿಯಬಾರದು. ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ಈ ಲೋಕದಲ್ಲಿ ಬದಲಾದ ನಿಯಮ ಯಾವುದು ಎಂದು ಒಂದೇ ಸಾಲಿನಲ್ಲಿ ಬರೆಸಬೇಕು. ಎಂಟು ಚೀಟಿಯಲ್ಲಿ ಆರು ಒಂದೇ ಮಾತು ಹೇಳಿದರೆ ಕಥೆ ನಿಂತಿದೆ. ಎಂಟೂ ಎಂಟು ಬಗೆ ಹೇಳಿದರೆ ಎಲ್ಲೋ ಸೋರುತ್ತಿದೆ, ಮಾತು ಅಲ್ಲಿಂದ ಶುರುವಾಗಲಿ. ಬರೆದವರು ಅಲ್ಲಿಯವರೆಗೆ ಬಾಯಿ ಬಿಡುವ ಹಾಗಿಲ್ಲ. ಬಳಗದಲ್ಲಿ ಟ್ರಾನ್ಸ್ ಒಬ್ಬರೇ ಇದ್ದರೆ ಪ್ರತಿ ಕಥೆಯನ್ನೂ ಅವರ ಮುಂದೆ ಹಿಡಿದು “ಸರಿ ಐತೇನ್ರಿ?” ಎಂದು ಕೇಳುವುದು ಹಿಂಸೆ. ಅವರೂ ಓದಲು ಬಂದವರು. ಬೇಕಿದ್ದರೆ ಬೇರೆಯಾಗಿ ಕೇಳಿ, ಸಮಯಕ್ಕೆ ದುಡ್ಡು ಕೊಡಿ.

ಹೊತ್ತು ಭಾನುವಾರ ಹನ್ನೊಂದರಿಂದ ಮೂರು. ಹಳ್ಳಿಗೆ ಹೋಗುವ ಕಡೇ ಬಸ್ಸಿನ ಹೊತ್ತಿಗೆ ಎಲ್ಲರೂ ನಿಲ್ದಾಣದಲ್ಲಿರಬೇಕು. ಸಂಜೆ ಆರರ ಕಾರ್ಯಕ್ರಮ ಮಾಡಿ ‘ಜನ ಬರಲಿಲ್ಲ’ ಅನ್ನುವುದು ನಗರದವರ ತಪ್ಪು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ ಬಸ್ಸು ಉಚಿತ, ಆದರೆ ಗುರುತಿನ ಚೀಟಿಯಲ್ಲಿ ಇನ್ನೂ ಹಳೇ ಲಿಂಗವೇ ಇರುವವರು ಕಂಡಕ್ಟರ ಮುಂದೆ ವಾದಕ್ಕೆ ನಿಲ್ಲಬೇಕಾಗುತ್ತದೆ. ಅವರ ಟಿಕೆಟಿನ ಹಣ ಬಳಗದ ಡಬ್ಬಿಯಿಂದ ಹೋಗಲಿ.

ಬಳಗಕ್ಕೆ ಬರುವವರ ಗುಟ್ಟು ರಟ್ಟಾಗುವುದು ಸಣ್ಣ ಜಾಗಗಳಿಂದ. ವಾಟ್ಸಾಪ್ ಗುಂಪಿಗೆ ಸೇರಿಸಿದೊಡನೆ ಫೋನ್ ನಂಬರು ಎಲ್ಲರಿಗೂ ಕಾಣುತ್ತದೆ. ಟೆಲಿಗ್ರಾಂನಲ್ಲೋ ಸಿಗ್ನಲ್‌ನಲ್ಲೋ ಅದನ್ನು ಮುಚ್ಚಿಡಬಹುದು. ಕಾವ್ಯನಾಮದಲ್ಲಿ ಬರೆಯುವವರು ಚಹಾದ ಇಪ್ಪತ್ತು ರೂಪಾಯಿ ಯುಪಿಐನಲ್ಲಿ ಕಳಿಸಿದರೆ ಬ್ಯಾಂಕಿನ ಹೆಸರು, ಅಡ್ಡಹೆಸರಿನ ಸಮೇತ, ಎದುರಿನ ಪರದೆಯ ಮೇಲೆ ಮೂಡುತ್ತದೆ. ಚಂದಾ ನಗದಾಗಿರಲಿ. ಫೋಟೋ ಬೇಕೇ ಬೇಕಾದರೆ ಪುಸ್ತಕ ಹಿಡಿದ ಕೈಗಳದು ಸಾಕು, ಅದೂ ಕೈಗಡಿಯಾರ, ಉಂಗುರ ನೋಡಿಕೊಂಡು. ಗೋಡೆಯ ಮೇಲಿನ ಚೀಟಿಯಲ್ಲಿ ‘ಊಹಾಕಥೆಗಳ ಓದು’ ಅಂತಷ್ಟೇ ಇರಲಿ ಅನ್ನುವುದು ನನ್ನ ಮಾತು. ‘ಕ್ವಿಯರ್’ ಎಂದು ದೊಡ್ಡದಾಗಿ ಬರೆಯಲೇಬೇಕು, ಅದನ್ನು ನೋಡಿಯೇ ಒಬ್ಬರು ಬಂದಾರು ಅನ್ನುವವರೂ ಇದ್ದಾರೆ. ಅವರ ಮಾತನ್ನೂ ತೆಗೆದುಹಾಕುವ ಹಾಗಿಲ್ಲ.

ವರ್ಷಕ್ಕೊಮ್ಮೆ ಒಂದು ಸಣ್ಣ ಪುಸ್ತಿಕೆ ಮಾಡಿದರೆ ಬಳಗಕ್ಕೆ ಬೆನ್ನೆಲುಬು ಬರುತ್ತದೆ. ನಾಲ್ಕು ಎ4 ಹಾಳೆ ನಡುವೆ ಮಡಚಿದರೆ ಹದಿನಾರು ಪುಟ, ಎರಡು ಕಥೆಗೆ ಸಾಕು. ಪುಟ ಜೋಡಿಸುವಾಗ ಹಾಳೆಯ ಒಂದೇ ಮುಖದ ಮೇಲೆ ಅಕ್ಕಪಕ್ಕ ಬರುವ ಎರಡು ಪುಟದ ಮೊತ್ತ ಯಾವಾಗಲೂ 17: ಹೊರಗಿನದಕ್ಕೆ 16 ಮತ್ತು 1, ಅದರ ಬೆನ್ನಿಗೆ 2 ಮತ್ತು 15, ಕಟ್ಟಕಡೆಯ ಒಳಮುಖಕ್ಕೆ 8 ಮತ್ತು 9. ಎರಡೂ ಬದಿ ಮುದ್ರಿಸುವಾಗ ಹಾಳೆಯನ್ನು ಗಿಡ್ಡ ಅಂಚಿನ ಕಡೆಗೆ ತಿರುಗಿಸುವಂತೆ ಹೇಳದಿದ್ದರೆ ಹಿಂಬದಿ ತಲೆಕೆಳಗಾಗುತ್ತದೆ. ಮುಖಕ್ಕೆ ಎರಡು ರೂಪಾಯಿ ಹಿಡಿದರೆ ಪ್ರತಿಗೆ ಹದಿನಾರು, ಐವತ್ತು ಪ್ರತಿಗೆ ಎಂಟುನೂರು. ಎಡವುವುದು ಅಕ್ಷರದಲ್ಲಿ: ಮೊಬೈಲಿನಲ್ಲಿ ಯೂನಿಕೋಡ್‌ನಲ್ಲಿ ಬರೆದದ್ದನ್ನು ಡಿಟಿಪಿ ಅಂಗಡಿಯವರು ಪುಟ ಜೋಡಿಸುವ ಹಳೇ ತಂತ್ರಾಂಶ ಪೇಜ್‌ಮೇಕರಿಗೆ ಹಾಕಲು ನುಡಿ ಅಕ್ಷರಕ್ಕೆ ಪರಿವರ್ತಿಸುತ್ತಾರೆ, ಒತ್ತಕ್ಷರ, ಅರ್ಕಾವತ್ತು ಜಾಗ ತಪ್ಪುತ್ತವೆ. ‘ಅರ್ಧನಾರಿ’ ಏನೇನೋ ಆಗಿ ಬಂದೀತು. ಪುಟ ಕೂರಿಸಿ, ಅಕ್ಷರ ಅಡಕ ಮಾಡಿದ ಪಿಡಿಎಫ್ ಒಯ್ಯಿರಿ, ಅವರು ಪ್ರಿಂಟ್ ಒತ್ತಿದರೆ ಮುಗಿಯಿತು.

ಸಾದಾ ಸ್ಟೇಪ್ಲರು ಮಡಿಕೆಯ ತನಕ ಮುಟ್ಟುವುದಿಲ್ಲ. ದಪ್ಪ ಸೂಜಿ, ದಾರ ಸಾಕು. ಮಡಿಕೆಯ ಮೇಲೆ ಮೂರು ತೂತು: ನಡುವೆ ಒಂದು, ಮೇಲೊಂದು, ಕೆಳಗೊಂದು. ನಡುವಿನ ತೂತಿನಲ್ಲಿ ಒಳಗಿನಿಂದ ಹೊರಗೆ ಹೋಗಿ, ಮೇಲಿನದರಲ್ಲಿ ಒಳಗೆ ಬಂದು, ನಡುವಿನದನ್ನು ಬಿಟ್ಟು ಕೆಳಗಿನದರಲ್ಲಿ ಹೊರಗೆ ಹೋಗಿ, ಮತ್ತೆ ನಡುವಿನದರಲ್ಲೇ ಒಳಗೆ ಬನ್ನಿ. ಒಳಗಿನ ಉದ್ದ ದಾರ ಎರಡು ತುದಿಗಳ ನಡುವೆ ಸಿಕ್ಕುವಂತೆ ಗಂಟು ಹಾಕಿ. ಹೊರಗಿನಿಂದ ಶುರು ಮಾಡಿದರೆ ಗಂಟು ಬೆನ್ನ ಮೇಲೆ ಕೂತು, ಪುಸ್ತಿಕೆಗಳನ್ನು ಒಂದರ ಮೇಲೊಂದು ಪೇರಿಸಿದಾಗ ಎಲ್ಲ ಒಂದೇ ಕಡೆ ಜಾರುತ್ತವೆ.